ನೆರೆಮನೆಯೂ ಬಾಡಿಗೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿಟ್ಟಿರುವರಷ್ಟೆ. ಈ ಎರಡು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದ ಗೃಹಸ್ಥನಿಗೆ ಮೂರನೆಯದೊಂದು ಪರೀಕ್ಷೆ ಕಾದಿರುವುದೆಂಬುದನ್ನು ಅವರೇಕೆ ಹೇಳದೆ ಹೋದರೋ ತಿಳಿಯದು. ಬಹುಶಃ ಅವರ ಕಾಲದಲ್ಲಿ ಮನೆಯೆಂಬುದು ವಾಸಕ್ಕಾಗಿ ಇದ್ದಿತೇ ಹೊರತು ಬಾಡಿಗೆಗಾಗಿ ಇರಲಿಲ್ಲ. ‘ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು’ ಎಂಬ ಮೂರನೆಯ ತುಂಡನ್ನು ಸೇರಿಸಿದಲ್ಲದೆ ಆ ಗಾದೆ ಬೆಂಗಳೂರಿನವರಿಗೆ ಪೂರ್ತಿಯಾಗಿ ಒಪ್ಪಲಾರದು.

ಬಾಡಿಗೆಯ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರುಗಳು ಎರಡೇ. ಬಾಡಿಗೆದಾರರು ಹೊತ್ತಿಗೆ ಸರಿಯಾಗಿ ಹಣ ಕೊಡುವುದಿಲ್ಲವೆಂದು ಮನೆಯವರು ಹೇಳುವರು. ಮನೆಯವರು ಸುಣ್ಣ ಬಣ್ಣ ಮಾಡಿಸುವುದಿಲ್ಲವೆಂದು ಬಾಡಿಗೆದಾರರು ಹೇಳುವರು. ಈ ಎರಡಕ್ಕೂ ಕರಾರು ಪತ್ರದಲ್ಲಿ ಏನಾದರೊಂದು ಪರಿಹಾರವನ್ನು ಬರೆದಿಡಬಹುದು. ಆದರೆ ಈ ವ್ಯವಹಾರದಲ್ಲಿ ಮೂರನೆಯವರೊಬ್ಬರು ಇರುವರು. ಅವರು ಕರಾರಿಗೆ ರುಜು ಹಾಕುವುದಿಲ್ಲ; ಮುಂಗಡ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ; ಆದರೂ ಮನೆಯಲ್ಲಿ ಬಾಡಿಗೆದಾರರು ಸುಖವಾಗಿ ಇರುವರೋ ಇಲ್ಲವೋ ಎಂಬುದನ್ನು ನಿರ್ಧರಿಸುವವರು ಬಹುಮಟ್ಟಿಗೆ ಅವರೇ. ನೆರೆಮನೆಯ ಯಜಮಾನರೇ ಆ ಮೂರನೆಯವರೆಂದು ವಾಚಕರು ಊಹಿಸಿರಬಹುದು.

ನೆರೆಹೊರೆಯ ವ್ಯಾಜ್ಯವೆಂಬುದು ಹೊಸದಲ್ಲ. ಹಿಂದೆ ನಮ್ಮ ಊರಿನಲ್ಲಿ ವಠಾರಗಳಿದ್ದವು. ಒಂದು ಅಂಗಳದ ಸುತ್ತ ಎಂಟು ಹತ್ತು ಸಂಸಾರಗಳು, ಅಷ್ಟು ಸಂಸಾರಗಳಿಗೂ ಒಂದೇ ನಲ್ಲಿ, ಒಂದೇ ಬಟ್ಟೆ ಒಗೆಯುವ ಕಲ್ಲು. ಅಲ್ಲಿ ಜಗಳವು ಸೂರ್ಯೋದಯದಷ್ಟೇ ನಿಯತವಾಗಿದ್ದಿತು. ಆದರೆ ವಠಾರದ ಜಗಳಕ್ಕೆ ಒಂದು ಸೌಲಭ್ಯವುಂಟು: ಬೆಳಗ್ಗೆ ಕೊಡಕ್ಕಾಗಿ ಕೂಗಾಡಿದವರೇ ಸಂಜೆ ಅದೇ ಜಗಲಿಯಲ್ಲಿ ಕುಳಿತು ಹೂ ಕಟ್ಟಬೇಕಾಗುತ್ತಿತ್ತು, ಬೇರೆ ಜಾಗವಿರಲಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ವಠಾರದ ಜಗಳ ಹೂ ಕಟ್ಟುವ ತನಕ. ಬಡಾವಣೆಗಳು ಬಂದು ಒಬ್ಬೊಬ್ಬರಿಗೆ ಒಂದೊಂದು ಸೈಟು, ಒಂದೊಂದು ಕಾಂಪೌಂಡು ಗೋಡೆ, ಒಂದೊಂದು ಗೇಟು ಆದ ಮೇಲೆ ಜಗಳವಾಡುವುದಕ್ಕೆ ಗೋಡೆಯಿದೆ, ರಾಜಿಯಾಗುವುದಕ್ಕೆ ಜಗಲಿಯಿಲ್ಲ.

1898ರ ಪ್ಲೇಗಿನ ಕಾಲದಲ್ಲಿ, ಇಕ್ಕಟ್ಟಿನ ಹಳೆಯ ಪೇಟೆಗಳಿಂದ ಜನರನ್ನು ಹೊರಗೆ ತರುವುದಕ್ಕಾಗಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಮನೆಯ ಸುತ್ತಲೂ ಗಾಳಿ ಬೆಳಕು ಆಡಬೇಕೆಂಬುದೇ ಆಗಿನ ಉದ್ದೇಶ. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಏರ್ಪಟ್ಟಿತು. 1949ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನಲ್ಲಿ, ಪಶ್ಚಿಮದ ಕಡೆ ರಾಜಾಜಿನಗರವೆಂಬ ಕೈಗಾರಿಕಾ ಉಪನಗರಕ್ಕೆ ಆರಂಭವಾಯಿತು. 1957ರಲ್ಲಿ ಸರ್ಕಾರದ ಸಾಬೂನು ಕಾರ್ಖಾನೆಯೂ ಆ ಕಡೆಗೆ ಬಂದಿತು. ವಿಜಯನಗರ, ಬಸವೇಶ್ವರನಗರಗಳು ಆಮೇಲಿನವು. ಕೆಂಗೇರಿಯಂತೂ ಮೈಸೂರು ರಸ್ತೆಯ ಮೇಲಿನ ಬೇರೆಯೇ ಊರಾಗಿದ್ದುದು, ಪಟ್ಟಣವು ಬೆಳೆದು ಬಂದು ಅದನ್ನು ಮುಟ್ಟಿತು. ನಕ್ಷೆಯನ್ನು ಬರೆದವರು ಒಂದು ಸೈಟಿಗೆ ಒಂದು ಸಂಸಾರವೆಂದು ಎಣಿಸಿದ್ದರು. ಆಮೇಲೆ ಹೆಂಚಿನ ಮನೆ ತಾರಸಿಯಾಯಿತು, ತಾರಸಿಯ ಮೇಲೆ ಮಹಡಿಯಾಯಿತು, ಮಹಡಿಯ ಮೇಲೆ ಮಗನಿಗೊಂದು ಕೋಣೆ, ಅದರ ಮೇಲೆ ಬಾಡಿಗೆಗೊಂದು ಕೋಣೆ. ಸೈಟು ಮಾತ್ರ ಅದೇ ಮೂವತ್ತು ನಲವತ್ತು. ಬೀದಿಯೂ ಅದೇ ಅಗಲ. ಒಂದು ಸಂಸಾರದ ಜಾಗದಲ್ಲಿ ನಾಲ್ಕು ಸಂಸಾರಗಳು, ನಾಲ್ಕು ಸಂಸಾರಗಳಿಗೆ ಆರು ವಾಹನಗಳು. ಹೀಗಿರುವಾಗ ನೆರೆಯವರು ದುಷ್ಟರಾಗಿಯೇ ಇರಬೇಕೆಂದೇನೂ ಇಲ್ಲ, ಮನುಷ್ಯರಾಗಿದ್ದರೆ ಸಾಕು, ಜಗಳಕ್ಕೆ ಕಾರಣಗಳು ತಾವಾಗಿಯೇ ಒದಗುವುವು.

ನಮ್ಮ ತಂದೆಯವರು 1968ರಲ್ಲಿ ರಾಜಾಜಿನಗರದಲ್ಲಿ ಒಂದು ಮನೆ ಕಟ್ಟಿಸಿದರು. ನಾನು ಕೆಂಗೇರಿಯ ಉಪನಗರದಲ್ಲಿ ಮನೆ ಮಾಡಿಕೊಂಡಿರುವೆನು. ತಂದೆಯವರು ತೀರಿಕೊಳ್ಳುವ ಮುನ್ನ, ಮೈಸೂರಿನಲ್ಲಿರುವ ನನ್ನ ವಿಧವೆಯಾದ ಅಕ್ಕನಿಗೆ ಆ ಮನೆಯ ಬಾಡಿಗೆ ಸೇರಬೇಕೆಂದು ಹೇಳಿ ಹೋದರು. ಆದ್ದರಿಂದ ಆ ಮನೆ ಒಂದು ತಿಂಗಳು ಖಾಲಿ ಬಿದ್ದರೆ ನನಗೆ ನಷ್ಟವೇನೂ ಇಲ್ಲ, ಅಕ್ಕನ ಔಷಧದ ಅಂಗಡಿಯ ಲೆಕ್ಕ ನಿಲ್ಲುವುದು. ಈ ಸಂಗತಿಯನ್ನು ಮೊದಲೇ ಹೇಳುವುದೇಕೆಂದರೆ, ಮುಂದೆ ಬರುವ ಪ್ರಶ್ನೆಯ ಭಾರವೆಲ್ಲ ಇದರ ಮೇಲೆ ನಿಂತಿದೆ.

ನೆರೆಮನೆಯ ಯಜಮಾನರು ನಮಗಿಂತ ಎರಡು ವರ್ಷ ಮೊದಲೇ ಆ ಬೀದಿಗೆ ಬಂದವರು. ಸರ್ಕಾರಿ ನೌಕರಿಯಲ್ಲಿದ್ದು ನಿವೃತ್ತರಾದವರು. ಈಗ ಎಂಬತ್ತು ದಾಟಿದೆ. ಶುಚಿ, ಸತ್ಯ, ಸಮಯಪಾಲನೆ ಈ ಮೂರರಲ್ಲಿ ಅವರಿಗೆ ಸಮನಾದವರನ್ನು ನಾನು ಕಂಡಿಲ್ಲ. ಆದರೆ ತಮ್ಮಲ್ಲಿರುವ ಈ ಗುಣಗಳು ಬೀದಿಯ ಪ್ರತಿಯೊಬ್ಬರಲ್ಲಿಯೂ ಇರಲೇಬೇಕೆಂಬುದು ಅವರ ಪಟ್ಟು. ಅವರ ಬಳಿ ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕವೊಂದಿದೆ. ರಾತ್ರಿ 10-40, ಗೇಟು ಬಡಿದ ಶಬ್ದ. ಬೆಳಗ್ಗೆ 5-15, ಮೋಟರು. ಮಧ್ಯಾಹ್ನ 3-00, ಚೆಂಡು ಗೋಡೆಗೆ ತಗುಲಿತು, ನಾಲ್ಕು ಸಲ. ಹೀಗೆ ಅದರಲ್ಲಿ ದಿನದಿನದ ದಾಖಲೆ. ನಾನು ಹೋದಾಗಲೆಲ್ಲ ಕಾಫಿ ತರಿಸಿ ಕೊಟ್ಟು, ಕನ್ನಡಕ ಹಾಕಿಕೊಂಡು, ಹಿಂದಿನ ಭೇಟಿಯಿಂದ ಈಚಿನ ಅಪರಾಧಗಳನ್ನೆಲ್ಲ ಕ್ರಮವಾಗಿ ಓದಿ ಹೇಳುವರು. ‘ನಿಮ್ಮ ತಂದೆಯವರ ಕಾಲದಲ್ಲಿ ಹೀಗಿರಲಿಲ್ಲ’ ಎಂಬುದು ಪಾರಾಯಣದ ಕೊನೆಯ ಮಾತು.

ನಮ್ಮ ಎರಡು ಮನೆಗಳ ನಡುವೆ ಇರುವುದು ಒಟ್ಟು ಆರಡಿ. ಅದರ ಮಧ್ಯೆ ಕಾಂಪೌಂಡು ಗೋಡೆ. ನಮ್ಮ ಸಂಪು, ಮೋಟರು ಆ ಓಣಿಯಲ್ಲಿ. ಅವರ ಮಲಗುವ ಕೋಣೆಯ ಕಿಟಕಿ ಗೋಡೆಯ ಆಚೆ. ಮುಂದುಗಡೆ ನಮ್ಮ ತಾಯಿ ನೆಟ್ಟ ನೇರಳೆಯ ಮರವಿದೆ. ಬೇರು ನಮ್ಮದು, ನೆರಳು ಬೀದಿಯದು, ಜೂನ್ ತಿಂಗಳಿನ ಹಣ್ಣು ಮಾತ್ರ ಅವರು ತೊಳೆದು ರಂಗೋಲಿ ಹಾಕಿಸಿದ ಅಂಗಳಕ್ಕೆ.

ಐದು ವರ್ಷದಲ್ಲಿ ಮೂರು ಸಂಸಾರಗಳು ಆ ಮನೆಗೆ ಬಂದು ಹೋದವು. ಮೊದಲು ಬಂದವರು ಒಬ್ಬ ಯುವಕ, ಅವನ ಹೆಂಡತಿ. ಇಬ್ಬರೂ ಕಂಪ್ಯೂಟರಿನ ಕಂಪನಿಗಳಲ್ಲಿ ಕೆಲಸ ಮಾಡಿ ಅರ್ಧ ರಾತ್ರಿಯಲ್ಲಿ ಮನೆಗೆ ಬರುವವರು. ಅವರು ಗೇಟು ತೆರೆದಾಗಲೆಲ್ಲ ಪಕ್ಕದ ಜಗಲಿಯಿಂದ ಟಾರ್ಚಿನ ಬೆಳಕು ಅವರ ಮುಖದ ಮೇಲೆ ಬೀಳುತ್ತಿತ್ತಂತೆ. ಮಾತಿಲ್ಲ, ಕತೆಯಿಲ್ಲ, ಬರಿಯ ಬೆಳಕು. ನಾಲ್ಕು ತಿಂಗಳಿಗೆ ಬಿಟ್ಟುಹೋದರು. ಎರಡನೆಯವರ ಮಗಳು ವೀಣೆ ಕಲಿಯುತ್ತಿದ್ದಳು. ಬೆಳಗಿನ ಝಾವದಲ್ಲಿ ಸಾಧನೆ. ಯಜಮಾನರು ಅದಕ್ಕೆ ಉತ್ತರವಾಗಿ ಸುಪ್ರಭಾತವನ್ನು ಗಟ್ಟಿಯಾಗಿ ಹಾಕತೊಡಗಿದರು. ವೆಂಕಟೇಶ್ವರನಿಗೂ ಸರಸ್ವತಿಗೂ ನಡೆದ ಈ ಸ್ಪರ್ಧೆಯಲ್ಲಿ ಬೀದಿಯವರಿಗೆಲ್ಲ ನಿದ್ದೆ ಹಾರಿಹೋಯಿತು. ಅವರು ಹನ್ನೊಂದು ತಿಂಗಳು ಪೂರೈಸಿ, ಕೈಮುಗಿದು ಹೊರಟರು. ಮೂರನೆಯವರು ಯಜಮಾನರಷ್ಟೇ ಮುಂಗೋಪಿಗಳು. ಒಂದು ಕೈಯಿಂದ ಚಪ್ಪಾಳೆಯಾಗುವುದಿಲ್ಲವೆನ್ನುವರು. ಅಲ್ಲಿ ಎರಡು ಕೈಗಳೂ ಸಿದ್ಧವಾಗಿದ್ದವು. ವಾಹನ ನಿಲ್ಲಿಸುವ ಜಾಗದ ವಿಷಯವಾಗಿ ಮಾತು ಬೆಳೆದು, ಪೊಲೀಸ್ ಠಾಣೆಯವರೆಗೂ ಹೋಗಿ, ಇಬ್ಬರನ್ನೂ ಬುದ್ಧಿ ಹೇಳಿ ಕಳುಹಿಸಿದ ಮೇಲೆ ಅವರೂ ಖಾಲಿ ಮಾಡಿದರು. ಆಮೇಲೆ ಮೂರು ತಿಂಗಳು ಬಾಗಿಲಿಗೆ ಬೀಗ.

ಬೀದಿಯ ಕೊನೆಯಲ್ಲಿ ಮನೆ ತೋರಿಸುವ ದಲ್ಲಾಳಿಯೊಬ್ಬನಿದ್ದಾನೆ. ಒಳ್ಳೆಯವನು, ಅವನಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ‘ಸ್ವಾಮಿ, ನನ್ನ ಮಾತು ಕೇಳಿ. ಮನೆ ನೋಡುವುದಕ್ಕೆ ಬರುವವರನ್ನು ಮಧ್ಯಾಹ್ನ ಎರಡು ಗಂಟೆಗೆ ಕರೆದುಕೊಂಡು ಬರುತ್ತೇನೆ. ಆ ಹೊತ್ತಿನಲ್ಲಿ ಪಕ್ಕದವರು ಮಲಗಿರುತ್ತಾರೆ. ಅವರು ಏಳುವುದರೊಳಗೆ ಅಡ್ವಾನ್ಸು ಕೈಗೆ ಬಂದಿರುತ್ತದೆ. ಮಿಕ್ಕದ್ದು ಅವರವರ ಹಣೆಬರಹ’ ಎಂದನು.

ಸಲಹೆಯೇನೋ ಸುಲಭವಾದುದು. ಆದರೆ ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ನಿಂತಿತು: ಮನೆಯಲ್ಲಿ ತಾರಸಿ ಸೋರುತ್ತಿದ್ದರೆ ಬಾಡಿಗೆಗೆ ಬರುವವರಿಗೆ ಹೇಳಬೇಕೆಂಬುದನ್ನು ಯಾರಾದರೂ ಒಪ್ಪುವರು. ನೆರೆಮನೆಯವರು ಜಗಳಗಂಟರಾಗಿದ್ದರೆ ಹೇಳಬೇಕೆ, ಬೇಡವೆ?

ಕಾನೂನು ಬಲ್ಲ ಮಿತ್ರರೊಬ್ಬರನ್ನು ವಿಚಾರಿಸಿದೆನು. ಅವರು ಹೇಳಿದುದರ ಸಾರಾಂಶವಿದು. ಮನೆಬಾಡಿಗೆಗೆ ಸಂಬಂಧಪಟ್ಟಂತೆ ನಮ್ಮ ಸೀಮೆಯಲ್ಲಿ 1951ರಲ್ಲಿ ಒಂದು ನಿಯಂತ್ರಣ ಕಾಯಿದೆ, 1961ರಲ್ಲಿ ಇನ್ನೊಂದು, 1999ರಲ್ಲಿ ಮತ್ತೊಂದು ಆದವು. ಈ ಕಡೆಯದು ಜಾರಿಗೆ ಬಂದುದು 2001ರ ಡಿಸೆಂಬರ್ 31ರಂದು. 1961ರ ಕಾಯಿದೆಯಲ್ಲಿ, ಅಕ್ಕಪಕ್ಕದವರಿಗೆ ಉಪದ್ರವ ಕೊಡುವ ಬಾಡಿಗೆದಾರನನ್ನು ಮನೆ ಬಿಡಿಸಬಹುದೆಂಬ ಮಾತಿದ್ದಿತು. ಅಕ್ಕಪಕ್ಕದವರಿಂದ ಉಪದ್ರವಕ್ಕೆ ಒಳಗಾಗುವ ಬಾಡಿಗೆದಾರನ ಗತಿಯೇನೆಂಬುದನ್ನು ಕಾನೂನು ಮಾಡಿದವರು ಅಷ್ಟಾಗಿ ಯೋಚಿಸಿದಂತೆ ತೋರುವುದಿಲ್ಲ. 1999ರ ಕಾಯಿದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿರುವುದರಿಂದ, ಈಗಿನ ಬಹುಪಾಲು ಮನೆಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ. ಅದರ 108ನೆಯ ಪ್ರಕರಣದಲ್ಲಿ ಎರಡು ಮಾತುಗಳಿವೆ. ಸ್ವತ್ತಿನಲ್ಲಿ ಮುಖ್ಯವಾದ ದೋಷವೇನಾದರೂ ಇದ್ದು, ಅದು ಮನೆಯವನಿಗೆ ತಿಳಿದಿದ್ದು, ಬಾಡಿಗೆಗೆ ಬರುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣುವಂತಹುದಲ್ಲದಿದ್ದರೆ, ಮನೆಯವನು ಅದನ್ನು ತಿಳಿಸಬೇಕೆಂಬುದು ಒಂದು. ಬಾಡಿಗೆ ಕೊಟ್ಟು ಕರಾರಿನಂತೆ ನಡೆಯುವವನು ಅಡಚಣೆಯಿಲ್ಲದೆ ಅನುಭವಿಸುವಂತೆ ಇರಬೇಕೆಂಬುದು ಇನ್ನೊಂದು. ಆದರೆ ಈ ಎರಡನೆಯ ಹೊಣೆ ಮನೆಯವನಿಂದಲೂ ಅವನ ಹಕ್ಕಿನವರಿಂದಲೂ ಬರುವ ಅಡಚಣೆಗೆ ಸಂಬಂಧಿಸಿದ್ದೇ ಹೊರತು, ಗೋಡೆಯಾಚೆಯವರ ಸ್ವಭಾವಕ್ಕೆ ಅಲ್ಲ.

‘ಹಾಗಾದರೆ ನೆರೆಯವರು ದೋಷವೋ ಅಲ್ಲವೋ?’ ಎಂದು ಕೇಳಿದೆನು. ‘ದೋಷವೆಂದರೆ ಸ್ವತ್ತಿನ ದೋಷ. ಅವರು ನಿಮ್ಮ ಸ್ವತ್ತಲ್ಲವಲ್ಲ’ ಎಂದು ಮಿತ್ರರು ನಕ್ಕರು.

ಕಾನೂನು ಸುಮ್ಮನಿರು ಎಂದರೂ ಮನಸ್ಸು ಸುಮ್ಮನಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಮನೆ ತೋರಿಸುವುದೆಂದರೆ, ಮಳೆಗಾಲ ಕಳೆದ ಮೇಲೆ ಸೋರುವ ಮನೆ ತೋರಿಸಿದಂತೆಯೇ ಅಲ್ಲವೆ? ಬಾಡಿಗೆಗೆ ಬರುವವರು ತಮ್ಮ ಸಾಮಾನು ಸಾಗಿಸುವುದಕ್ಕೆ ಖರ್ಚು ಮಾಡುವರು. ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವರು. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕೊಡುವರು. ಆಮೇಲೆ ಒಂದು ರಾತ್ರಿ ಟಾರ್ಚಿನ ಬೆಳಕು ಮುಖಕ್ಕೆ ಬಿದ್ದಾಗ, ಇದು ಮನೆಯವರಿಗೆ ಮೊದಲೇ ಗೊತ್ತಿದ್ದಿತೆಂದು ತಿಳಿದರೆ ಅವರಿಗೆ ಏನನ್ನಿಸೀತು? ಇನ್ನೊಂದು ಕಡೆ, ಹೇಳಿದರೆ ಬಂದವರು ಹೆದರಿ ಹೋಗುವರು. ಅಕ್ಕನಿಗೆ ಇನ್ನೂ ಎಷ್ಟು ತಿಂಗಳು ಹಣವಿಲ್ಲವೋ ಬಲ್ಲವರಾರು?

ನನ್ನ ಹೆಂಡತಿಯ ಅಭಿಪ್ರಾಯ ಬೇರೆ. ‘ಹೆಣ್ಣು ಕೊಡುವವರೂ ತರುವವರೂ ಎಲ್ಲವನ್ನೂ ಹೇಳಿಕೊಳ್ಳುತ್ತಾರೆಯೆ? ನೀವೊಬ್ಬರೇ ಹರಿಶ್ಚಂದ್ರರಾಗಬೇಕೆ? ಮೊದಲು ಅಕ್ಕನವರನ್ನು ಕೇಳಿ. ಹಣ ಅವರದು’ ಎಂದಳು. ಈ ಮಾತಿನ ಕೊನೆಯ ಭಾಗ ನ್ಯಾಯವಾಗಿದ್ದಿತು. ಅಕ್ಕನಿಗೆ ಫೋನು ಮಾಡಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೇಳಿಯೇ ಕೊಡು. ಆದರೆ ಬರುವವರಿಗೆ ಹೇಳಿ ಕೈತೊಳೆದುಕೊಂಡರೆ ಸಾಲದು. ಪಕ್ಕದ ಮನೆಯವರಿಗೂ ನೀನೇ ಹೋಗಿ ಹೇಳಬೇಕು. ಆ ಮನೆಯಮ್ಮನೇ ನನಗೆ ದಂಡೆ ಕಟ್ಟುವುದನ್ನು ಕಲಿಸಿದ್ದು. ಈಗ ಹೇಗಿದ್ದಾರೋ ಪಾಪ’ ಎಂದಳು.

ಹಾಗೆಯೇ ಆಯಿತು. ಮನೆ ನೋಡಲು ಬಂದವರಿಗೆ ನಲ್ಲಿ, ಅಡಿಗೆಮನೆ, ದೇವರ ಗೂಡು ತೋರಿಸಿದ ಮೇಲೆ, ‘ಇನ್ನೊಂದು ಸಂಗತಿಯುಂಟು’ ಎಂದು ಆರಂಭಿಸಿ ಇದ್ದುದನ್ನು ಇದ್ದಂತೆ ಹೇಳಿದೆನು. ಕೆಡಿಸಿ ಹೇಳಲಿಲ್ಲ, ಟಾರ್ಚು, ಸುಪ್ರಭಾತ, ಪುಸ್ತಕ ಇಷ್ಟನ್ನೇ ಹೇಳಿ, ಅವರು ಕೈ ಮಾಡುವವರಲ್ಲ, ಕೆಟ್ಟ ಮಾತು ಆಡುವವರಲ್ಲ ಎಂಬುದನ್ನೂ ಹೇಳಿದೆನು. ಮೊದಲ ಸಂಸಾರ ಮನೆಗೆ ಹೋಗಿ ತಿಳಿಸುತ್ತೇವೆಂದು ಹೋದವರು ತಿಳಿಸಲಿಲ್ಲ. ಎರಡನೆಯವರು, ಮನೆ ಚೆನ್ನಾಗಿದೆ, ನೀವು ಹೇಳಿದ್ದು ಒಳ್ಳೆಯದಾಯಿತು, ನಮಸ್ಕಾರ ಎಂದು ಗೇಟಿನಿಂದಲೇ ಹಿಂದಿರುಗಿದರು. ದಲ್ಲಾಳಿ ತಲೆ ಚಚ್ಚಿಕೊಂಡನು. ಇನ್ನೊಂದು ತಿಂಗಳು ಕಳೆಯಿತು. ಅಕ್ಕನಿಗೆ ನನ್ನ ಕೈಯಿಂದಲೇ ಒಂದಿಷ್ಟು ಕಳುಹಿಸಿದೆನು. ಅವಳು ಅದನ್ನು ಲೆಕ್ಕ ಬರೆದಿಟ್ಟುಕೊಂಡಳೆಂದು ಆಮೇಲೆ ತಿಳಿಯಿತು.

ಮೂರನೆಯವರಾಗಿ ಬಂದವರು ಒಬ್ಬ ಉಪಾಧ್ಯಾಯಿನಿ. ಜೊತೆಗೆ ಅವರ ವೃದ್ಧ ತಾಯಿ, ಹೈಸ್ಕೂಲಿನಲ್ಲಿ ಓದುವ ಒಬ್ಬ ಮಗ. ನನ್ನ ಪ್ರವಚನವನ್ನು ಪೂರ್ತಿಯಾಗಿ ಕೇಳಿ, ‘ಅವರು ಬೈಯುವುದು ಸಾಧಾರಣವಾಗಿ ಯಾವ ಹೊತ್ತಿನಲ್ಲಿ ಸಾರ್?’ ಎಂದು ಕೇಳಿದರು. ರಾತ್ರಿ ಹತ್ತರ ಮೇಲೆ, ಬೆಳಗ್ಗೆ ಆರರ ಒಳಗೆ ಎಂದೆನು. ‘ಆ ಹೊತ್ತಿನಲ್ಲಿ ನಾವು ಮೂವರೂ ನಿದ್ದೆ ಮಾಡುತ್ತಿರುತ್ತೇವೆ. ತರಗತಿಯಲ್ಲಿ ಅರವತ್ತು ಮಕ್ಕಳನ್ನು ನೋಡಿಕೊಳ್ಳುವವಳಿಗೆ ಒಬ್ಬ ತಾತನವರು ಹೆಚ್ಚಾದಾರೆ?’ ಎಂದು ನಕ್ಕು, ‘ಅಂದ ಹಾಗೆ, ನೆರೆಮನೆಯವರನ್ನೂ ಸೇರಿಸಿ ಬಾಡಿಗೆಗೆ ಕೊಡುತ್ತಿದ್ದೀರಿ. ಅದಕ್ಕೆ ಬಾಡಿಗೆ ಹೆಚ್ಚೋ, ಕಡಿಮೆಯೋ?’ ಎಂದರು. ಬಾಡಿಗೆಯಲ್ಲಿ ಹತ್ತರಲ್ಲೊಂದು ಪಾಲನ್ನು ಅಲ್ಲಿಯೇ ಬಿಟ್ಟುಕೊಟ್ಟೆನು.

ಕರಾರು ಪತ್ರದ ವಿಷಯವಾಗಿ ಒಂದು ಮಾತು. ಒಂದು ವರ್ಷಕ್ಕೆ ಮೇಲ್ಪಟ್ಟ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ರಿಜಿಸ್ಟರು ಮಾಡಿಸಬೇಕಾಗಿರುವುದರಿಂದ, ನಮ್ಮಲ್ಲಿ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಯುವರು. ಅದರಲ್ಲಿ ಅವಧಿಗೆ ಮುಂಚೆ ಬಿಟ್ಟುಹೋದರೆ ಮುಂಗಡದಲ್ಲಿ ಇಷ್ಟು ಮುರಿದುಕೊಳ್ಳುವುದೆಂದು ಒಂದು ಷರತ್ತನ್ನು ಸೇರಿಸುವುದು ವಾಡಿಕೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಬಹುಕಾಲದಿಂದ ಬಂದುದು. 2021ರಲ್ಲಿ ಕೇಂದ್ರ ಮಂತ್ರಿಮಂಡಲ ಒಪ್ಪಿದ ಮಾದರಿ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳು ಸಾಕೆನ್ನುತ್ತದೆ. ನೆರೆಯವರ ಕಾಟವಿರುವ ಮನೆಗೆ ಹತ್ತು ತಿಂಗಳ ಮುಂಗಡವನ್ನೂ ಮುರಿಯುವ ಷರತ್ತನ್ನೂ ಸೇರಿಸಿ ಇಟ್ಟುಕೊಂಡರೆ, ಅದು ಮನೆಯಲ್ಲ, ಇಲಿಬೋನು. ಆದ್ದರಿಂದ ಮೂರು ತಿಂಗಳ ಮುಂಗಡ ತೆಗೆದುಕೊಂಡು, ನೆರೆಯ ತೊಂದರೆಯಿಂದ ಬಿಡಬೇಕಾಗಿ ಬಂದರೆ ಒಂದು ತಿಂಗಳು ಮುಂಚೆ ತಿಳಿಸಿ, ಒಂದು ಕಾಸೂ ಮುರಿಯದೆ ಹಿಂದಕ್ಕೆ ಪಡೆಯಬಹುದೆಂದು ಬರೆಸಿದೆನು. ಆ ಷರತ್ತನ್ನು ಓದಿದ ಮೇಲೆ ಉಪಾಧ್ಯಾಯಿನಿಯವರ ತಾಯಿ ಮೊದಲ ಸಲ ಮುಗುಳ್ನಕ್ಕರು.

ಇನ್ನುಳಿದುದು ಅಕ್ಕನ ಆಜ್ಞೆಯ ಎರಡನೆಯ ಭಾಗ. 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಮೆಟ್ರೋ ಬಂದ ಮೇಲೆ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿದರೆ ರಾಜಾಜಿನಗರಕ್ಕೆ ಹೋಗುವುದು ಕಷ್ಟವಲ್ಲ. ಒಂದು ಭಾನುವಾರ ಹೋಗಿ, ಕಾಫಿ ಮುಗಿಸಿ, ಪುಸ್ತಕದ ಪಾರಾಯಣಕ್ಕೆ ಮೊದಲೇ, ‘ಹೊಸಬರು ಬರುತ್ತಿದ್ದಾರೆ. ಅವರು ಬರುವ ಮುಂಚೆ ಈ ಪುಸ್ತಕವನ್ನು ನಾವಿಬ್ಬರೂ ಕುಳಿತು ನೋಡೋಣ. ಯಾವುದನ್ನು ನಾನು ಸರಿಮಾಡಬಹುದೋ ಅದನ್ನು ಸರಿಮಾಡುತ್ತೇನೆ’ ಎಂದೆನು. ಅವರು ಬಹಳ ಸಂತೋಷಪಟ್ಟರು. ತಮ್ಮ ದಾಖಲೆಯನ್ನು ಕೇಳುವವರು ಸಿಕ್ಕಿದ್ದರು, ಆದರೆ ಲೆಕ್ಕ ಮಾಡುವವರು ಸಿಕ್ಕಿರಲಿಲ್ಲ.

ಲೆಕ್ಕ ಮಾಡಿದಾಗ ದೂರುಗಳು ಮೂರು ರಾಶಿಯಾದುವು. ಒಂದು ರಾಶಿಗೆ ನಿಜವಾದ ಕಾರಣವಿದ್ದಿತು. ಅವರ ಮನೆಯಾಕೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಅವರು ಮಲಗುವುದು ನಮ್ಮ ಮೋಟರಿನ ಪಕ್ಕದ ಕಿಟಕಿಯ ಕೆಳಗೆ. ರಾತ್ರಿಯಲ್ಲಿ ಗೇಟಿನ ಶಬ್ದಕ್ಕೆ ಎಚ್ಚರವಾದರೆ ಮತ್ತೆ ಬೆಳಗಿನವರೆಗೆ ನಿದ್ದೆಯಿಲ್ಲ. ಯಜಮಾನರು ಈ ಸಂಗತಿಯನ್ನು ತಾವಾಗಿ ಎಂದೂ ಹೇಳಿದವರಲ್ಲ. ಕಾಫಿ ತಂದಿಟ್ಟ ಕೆಲಸದಾಕೆಯಿಂದ ನನಗೆ ತಿಳಿಯಿತು. ಎರಡನೆಯ ರಾಶಿಯಲ್ಲಿ ನಿಯಮದ ಬಲವಿದ್ದಿತು. ಅವರ ಗೇಟಿಗೆ ಅಡ್ಡವಾಗಿ ವಾಹನ ನಿಲ್ಲಿಸುವುದು ಯಾರು ಮಾಡಿದರೂ ತಪ್ಪೇ. ಶಬ್ದದ ವಿಷಯದಲ್ಲಿಯೂ ಹಾಗೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿಯೆಂದರೆ ಹತ್ತರಿಂದ ಆರರವರೆಗೆ. ಈ ನಿಯಮ ಮೋಟರಿಗೂ ಸುಪ್ರಭಾತಕ್ಕೂ ಸಮ ಎಂದು ನಾನು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮೂರನೆಯ ರಾಶಿಗೆ ಕಾರಣವೂ ಇಲ್ಲ, ನಿಯಮವೂ ಇಲ್ಲ. ಒಗೆದ ಬಟ್ಟೆಯನ್ನು ಬೀದಿಗೆ ಕಾಣುವಂತೆ ಹರವಿದರು. ಹುಡುಗ ಮೆಟ್ಟಿಲಿಳಿಯುವಾಗ ಸಿಳ್ಳೆ ಹಾಕಿದನು. ಅತಿಥಿಗಳು ಬಹಳ ನಕ್ಕರು. ಅದೆಲ್ಲ ಅವರ ಸ್ವಭಾವ. ಎಂಬತ್ತು ವರ್ಷದ ಸ್ವಭಾವವನ್ನು ಒಂದು ಭಾನುವಾರದಲ್ಲಿ ತಿದ್ದುವವರಾರು?

ಮೊದಲನೆಯ ರಾಶಿಗೆ ತಗುಲಿದ ಖರ್ಚು ಅಲ್ಪವೇ. ಮೋಟರನ್ನು ಓಣಿಯಿಂದ ಹಿತ್ತಲಿಗೆ ಸಾಗಿಸಿ ಅದರ ಕೆಳಗೆ ದಪ್ಪ ರಬ್ಬರು ಹಾಕಿಸಿದೆನು. ಗೇಟಿನ ತಿರುಗಣಿಗೆ ಎಣ್ಣೆ, ಅಗುಳಿಗೆ ಒಂದು ತೊಗಲಿನ ತುಂಡು. ನೇರಳೆಯ ಮರವನ್ನು ಕಡಿಸಿಬಿಡಿರೆಂದು ಅವರ ಹಟ. 1976ರ ಮರಗಳ ಸಂರಕ್ಷಣಾ ಕಾಯಿದೆಯ ಮೇರೆಗೆ ಅಧಿಕಾರಿಯ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲವೆಂದು ಹೇಳಿ, ಹಣ್ಣಿನ ಕಾಲದಲ್ಲಿ ದಿನವೂ ಅವರ ಅಂಗಳ ಗುಡಿಸಿಸುವ ಏರ್ಪಾಡು ಮಾಡಿದೆನು. ನಿಜವಾಗಿ ನೋಡಿದರೆ ಆ ಕಾಯಿದೆ ಇಲ್ಲದಿದ್ದರೂ ನಾನು ಕಡಿಸುತ್ತಿರಲಿಲ್ಲ. ತಾಯಿ ನೆಟ್ಟ ಮರ. ಎರಡನೆಯ ರಾಶಿಯನ್ನು ಕರಾರಿನಲ್ಲಿ ಸೇರಿಸಿದ್ದಾಯಿತು. ಮೂರನೆಯ ರಾಶಿಯನ್ನು ಕುರಿತು ಹೊಸಬರಿಗೆ, ‘ಇದಕ್ಕೆ ಔಷಧವಿಲ್ಲ, ಪಥ್ಯವೊಂದೇ’ ಎಂದೆನು. ಅಲ್ಲದೆ ಏನೇ ದೂರಿದ್ದರೂ ಬಾಡಿಗೆದಾರರಿಗೆ ಹೇಳದೆ ನನಗೇ ಫೋನು ಮಾಡಬೇಕೆಂದು ಯಜಮಾನರಿಂದ ಮಾತು ತೆಗೆದುಕೊಂಡೆನು. ಅವರು ಆ ಮಾತನ್ನು ಉಳಿಸಿಕೊಂಡರು. ನನ್ನ ಬೆಳಗಿನ ನಿದ್ದೆ ಮಾತ್ರ ಉಳಿಯಲಿಲ್ಲ.

ಇದಾದ ಮೇಲೆ ಎಲ್ಲವೂ ಸುಖವಾಯಿತೆಂದು ಹೇಳಿದರೆ ವಾಚಕರು ನಂಬಲಾರರು, ನಂಬಲೂ ಬೇಡ. ನೇರಳೆಯ ಕಾಲದಲ್ಲಿ, ಗುಡಿಸಿದ್ದು ಸಾಲದೆಂದು ವ್ಯಾಜ್ಯ ಬಂದೇ ಬಂದಿತು. ಹುಡುಗನ ಸಿಳ್ಳೆ ಪುಸ್ತಕಕ್ಕೆ ಏರುತ್ತಲೇ ಇದ್ದಿತು. ಆದರೆ ಉಪಾಧ್ಯಾಯಿನಿಯವರು ಆ ಪುಸ್ತಕದ ಇನ್ನೊಂದು ಉಪಯೋಗವನ್ನು ಕಂಡುಹಿಡಿದರು. ಬಡಾವಣೆಯಲ್ಲಿ ನಲ್ಲಿಯ ನೀರು ಯಾವ ದಿನ ಯಾವ ಹೊತ್ತಿಗೆ ಬಂದಿತು, ಎಷ್ಟು ಹೊತ್ತು ಇದ್ದಿತು ಎಂಬುದೂ ಅದರಲ್ಲಿ ವರ್ಷಗಟ್ಟಲೆಯಾಗಿ ದಾಖಲಾಗಿದ್ದಿತು. ಅವರು ಸಂಜೆ ಶಾಲೆಯಿಂದ ಬರುವಾಗ ಗೇಟಿನಲ್ಲಿ ನಿಂತು, ‘ನಾಳೆ ನೀರು ಬರುತ್ತದೆಯೇ ತಾತ?’ ಎಂದು ಕೇಳುವರು. ತಾತನವರು ಪುಟ ತಿರುವಿ, ಬೆಳಗ್ಗೆ ಏಳೂವರೆಯಿಂದ ಒಂಬತ್ತು, ಒತ್ತಡ ಸಾಧಾರಣ ಎಂದು ತೀರ್ಪು ಕೊಡುವರು. ಕ್ರಮೇಣ ಎದುರುಮನೆಯವರೂ ಬಂದು ಕೇಳತೊಡಗಿದರು. ಬೀದಿಯ ತಪ್ಪುಗಳನ್ನು ಹಿಡಿಯುವುದಕ್ಕಾಗಿ ಹುಟ್ಟಿದ ಪುಸ್ತಕ ಬೀದಿಯ ಪಂಚಾಂಗವಾಯಿತು.

ಎರಡನೆಯ ವರ್ಷದ ಮಾಘದಲ್ಲಿ ಮನೆಯಾಕೆ ತೀರಿಕೊಂಡರು. ಅಕ್ಕ ಮೈಸೂರಿನಿಂದ ಬಂದು, ತನಗೆ ಹೂ ಕಟ್ಟುವುದನ್ನು ಕಲಿಸಿದವರಿಗೆ ತನ್ನ ಕೈಯಿಂದ ಒಂದು ಮಾಲೆ ಕಟ್ಟಿ ಹಾಕಿದಳು. ಅದಾದ ಒಂದು ತಿಂಗಳಿಗೆ ಉಪಾಧ್ಯಾಯಿನಿಯವರಿಂದ ಫೋನು. ‘ಸಾರ್, ತಾತ ಈಚೆಗೆ ಏನೂ ಬೈಯುತ್ತಿಲ್ಲ. ಪುಸ್ತಕವನ್ನೂ ತೆರೆಯುತ್ತಿಲ್ಲ. ನನಗೇಕೋ ಹೆದರಿಕೆಯಾಯಿತು. ನಿನ್ನೆ ರಾತ್ರಿ ಬೇಕೆಂದೇ ಗೇಟನ್ನು ಸ್ವಲ್ಪ ಜೋರಾಗಿ ಹಾಕಿದೆ.’ ‘ಆಮೇಲೆ?’ ಎಂದೆನು. ‘ಟಾರ್ಚು ಹೊತ್ತಿತು. “ಎಷ್ಟು ಗಂಟೆಯೆಂದು ಗೊತ್ತಿದೆಯೇನಮ್ಮ?” ಎಂದು ಕೂಗಿದರು. ಆಗ ಸಮಾಧಾನವಾಗಿ ಮಲಗಿಕೊಂಡೆ’ ಎಂದರು.

ಉಪಾಧ್ಯಾಯಿನಿಯವರಿಗೆ ಬೇರೆ ಊರಿಗೆ ವರ್ಗವಾಗಿ ಅವರು ಬಿಟ್ಟುಹೋದ ಮೇಲೆ ಬಂದವರಿಗೂ ನಾನು ಎಲ್ಲವನ್ನೂ ಹೇಳಿಯೇ ಕೊಟ್ಟಿದ್ದೇನೆ. ನನ್ನಂತೆ ಮನೆಯನ್ನು ಬಾಡಿಗೆಗೆ ಕೊಡುವ ಗೃಹಸ್ಥರಿಗೆ ಉಪದೇಶ ಮಾಡುವಷ್ಟು ದೊಡ್ಡವನು ನಾನಲ್ಲ. ಕಂಡುದನ್ನು ಮಾತ್ರ ಹೇಳಬಲ್ಲೆನು. ನೆರೆಯವರ ಸುದ್ದಿಯನ್ನು ಮುಚ್ಚಿಟ್ಟು ತಂದ ಬಾಡಿಗೆದಾರರು ನಾಲ್ಕು ತಿಂಗಳಿಗೆ ಹೊರಡುವರು; ತಿಳಿದು ಬಂದವರು ನಿಲ್ಲುವರು. ಹೀಗೆ, ಧರ್ಮವನ್ನು ಬದಿಗಿಟ್ಟು ಬರಿಯ ಲೆಕ್ಕವನ್ನು ನೋಡಿದರೂ ಹೇಳುವುದೇ ಲಾಭ. ನೆರೆಯವರ ದೂರುಗಳನ್ನು ಒಟ್ಟಾಗಿ ತಳ್ಳಿಹಾಕುವುದೂ ಬೇಡ, ಒಟ್ಟಾಗಿ ಒಪ್ಪಿಕೊಳ್ಳುವುದೂ ಬೇಡ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿದರೆ, ಅದರಲ್ಲಿ ಬೇಯಿಸತಕ್ಕ ಅಕ್ಕಿಯೂ ಸ್ವಲ್ಪ ಸಿಕ್ಕುವುದು. ಆ ಆರಿಸುವ ಕೆಲಸ ಬಾಡಿಗೆ ತೆಗೆದುಕೊಳ್ಳುವವನದೇ ಹೊರತು ಬಾಡಿಗೆ ಕೊಡುವವರದಲ್ಲ. ಬಾಡಿಗೆದಾರರು ಬರುವರು, ಹೋಗುವರು. ಮನೆಯವನೂ ನೆರೆಯವನೂ ಮಾತ್ರ ಒಂದೇ ಗೋಡೆಗೆ ಕಟ್ಟುಬಿದ್ದವರು. ಗೋಡೆಯ ನಮ್ಮ ಕಡೆಗೆ ವರ್ಷಕ್ಕೊಮ್ಮೆ ಸುಣ್ಣ ಹೊಡೆಸುವಾಗ, ಆಚೆಯ ಕಡೆಯೂ ಒಮ್ಮೆ ಹೋಗಿ ನೋಡಿಕೊಂಡು ಬರುವುದು ಒಳ್ಳೆಯದು.